ಒಟ್ಟು ಮೊತ್ತದ ಗೆರೆ ಏರುತ್ತಿದ್ದರೆ ಮಾರುಕಟ್ಟೆಯೂ ಏರುತ್ತಿದೆಯೇ?

ಹುಣಸೂರು ತಾಲ್ಲೂಕಿನ ಗುರುಪುರದ ಸುತ್ತಮುತ್ತ, ಹಾಗೆಯೇ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ವರ್ಜೀನಿಯಾ ತಂಬಾಕು ಮುಖ್ಯ ವಾಣಿಜ್ಯ ಬೆಳೆ. ಇದು ಮಾರಾಟವಾಗುವುದು ತಂಬಾಕು ಮಂಡಳಿಯ ಹರಾಜಿನಲ್ಲಿ. ಕರ್ನಾಟಕದಲ್ಲಿ ಈ ಪದ್ಧತಿ ಶುರುವಾದದ್ದು 1984ರಲ್ಲಿ. ಹರಾಜಿನ ದಿನಗಳಲ್ಲಿ ಎಲ್ಲರೂ ಕೇಳುವುದು ಎರಡೇ ಅಂಕಿ: ಇಲ್ಲಿಯವರೆಗೆ ಎಷ್ಟು ಕಿಲೋ ಮಾರಾಟವಾಯಿತು, ಸರಾಸರಿ ದರ ಎಷ್ಟು?

ಇಂಥ ‘ಇಲ್ಲಿಯವರೆಗಿನ’ ಲೆಕ್ಕವೇ ಸಂಚಿತ ಮೊತ್ತ. ಪ್ರತಿ ತಿಂಗಳ ಅಂಕಿಯನ್ನು ಹಿಂದಿನ ಎಲ್ಲ ತಿಂಗಳುಗಳ ಮೊತ್ತಕ್ಕೆ ಕೂಡುತ್ತಾ ಹೋಗುವುದು. ಎಕ್ಸೆಲ್, ಪವರ್ ಬಿಐ, ಟ್ಯಾಬ್ಲೋದಂಥ ತಂತ್ರಾಂಶಗಳು ಇದನ್ನು ಕ್ಷಣದಲ್ಲಿ ನಕ್ಷೆಯಾಗಿಸುತ್ತವೆ. ಆದರೆ ಆ ನಕ್ಷೆಯನ್ನು ತಪ್ಪಾಗಿ ಓದುವುದೂ ಅಷ್ಟೇ ಸುಲಭ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಬ್ಬ ರೈತ ಅಕ್ಟೋಬರ್‌ನಲ್ಲಿ 200 ಕಿಲೋ, ನವೆಂಬರ್‌ನಲ್ಲಿ 500, ಡಿಸೆಂಬರ್‌ನಲ್ಲಿ 400, ಜನವರಿಯಲ್ಲಿ 100 ಕಿಲೋ ಮಾರಿದರು. ಕಿಲೋಗೆ ಸಿಕ್ಕ ದರ ಕ್ರಮವಾಗಿ 250, 240, 230, 180 ರೂಪಾಯಿ. ಸಂಚಿತ ಮೊತ್ತ 200, 700, 1100, 1200 ಕಿಲೋ ಆಗುತ್ತದೆ. ಗೆರೆ ಏರುತ್ತಲೇ ಇದೆ, ಆದರೆ ದರ ಪ್ರತಿ ತಿಂಗಳೂ ಇಳಿದಿದೆ. ಮಾರಾಟದ ಸಂಚಿತ ಗೆರೆ ಕೆಳಗಿಳಿಯುವುದೇ ಇಲ್ಲ. ಹಾಗಾಗಿ ಗೆರೆ ಏರಿತೇ ಎನ್ನುವುದಕ್ಕಿಂತ ಎಷ್ಟು ಕಡಿದಾಗಿ ಏರಿತು ಎಂದು ನೋಡಬೇಕು.

ಸರಾಸರಿಯಲ್ಲಿ ಇನ್ನೊಂದು ತೊಡಕಿದೆ. ನಾಲ್ಕು ದರಗಳನ್ನು ಕೂಡಿ ನಾಲ್ಕರಿಂದ ಭಾಗಿಸಿದರೆ 225 ರೂಪಾಯಿ ಬರುತ್ತದೆ. ಇದು ತಪ್ಪು ಲೆಕ್ಕ. ಒಟ್ಟು ಹಣ 2,80,000 ರೂಪಾಯಿಯನ್ನು 1200 ಕಿಲೋದಿಂದ ಭಾಗಿಸಿದರೆ ಬರುವ ಸುಮಾರು 233 ರೂಪಾಯಿಯೇ ಸರಿ. ಈ ಸಂಚಿತ ಸರಾಸರಿ ಡಿಸೆಂಬರ್ ಕೊನೆಗೆ 238 ರೂಪಾಯಿ ಇತ್ತು. ಜನವರಿಯಲ್ಲಿ ದರ 50 ರೂಪಾಯಿ ಕುಸಿದರೂ ಸರಾಸರಿ ಇಳಿದದ್ದು ಐದೇ ರೂಪಾಯಿ. ಬೇಲ್ ಇನ್ನೂ ಮನೆಯಲ್ಲೇ ಇಟ್ಟುಕೊಂಡಿರುವವರಿಗೆ ಈ ಐದು ರೂಪಾಯಿ ಸುಳ್ಳು ಧೈರ್ಯ ಕೊಡುತ್ತದೆ. ಅವರಿಗೆ ಬೇಕಾದದ್ದು ಈ ತಿಂಗಳ ದರ.

ಮೂರನೆಯದು, ವರ್ಷ ಎಲ್ಲಿಂದ ಶುರು ಎಂಬುದು. ಪವರ್ ಬಿಐಯಲ್ಲಿ ವರ್ಷದ ಸಂಚಿತ ಮೊತ್ತ ತೆಗೆಯುವ ಸೂತ್ರ, ನಾವು ಬೇರೆ ಹೇಳದಿದ್ದರೆ, ಡಿಸೆಂಬರ್ 31ಕ್ಕೆ ವರ್ಷ ಮುಗಿಯಿತು ಎಂದುಕೊಳ್ಳುತ್ತದೆ. ನಮ್ಮ ಕಡೆಯ ತಂಬಾಕು ಹರಾಜು ಹೊಸ ವರ್ಷ ದಾಟಿ ನಡೆಯುತ್ತದೆ. ಹಾಗೇ ಬಿಟ್ಟರೆ ಜನವರಿಯಲ್ಲಿ 1200ರ ಬದಲು 100 ಎಂದು ತೋರಿಸುತ್ತದೆ. ವರ್ಷದ ಕೊನೆಯ ದಿನ ಮಾರ್ಚ್ 31 ಎಂದು ಸೂತ್ರದಲ್ಲೇ ಕೊಟ್ಟರೆ ಹಂಗಾಮು ತುಂಡಾಗುವುದಿಲ್ಲ. ಮಂಡಳಿ ಬೆಳೆಗೆ ಮಿತಿ ನಿಗದಿ ಮಾಡುವುದರಿಂದ, ಇನ್ನೆಷ್ಟು ಮಾರಬಹುದು ಎಂದು ತಿಳಿಯಲು ಹಂಗಾಮಿನ ಪೂರ್ತಿ ಮೊತ್ತವೇ ಬೇಕು.

ಇನ್ನೂ ಬಾರದ ತಿಂಗಳುಗಳನ್ನು ಖಾಲಿ ಬಿಡುವುದೂ ಮುಖ್ಯ. ಇಲ್ಲದಿದ್ದರೆ ಗೆರೆ ಮಟ್ಟಸವಾಗಿ ಮುಂದುವರಿದು, ಮಾರಾಟ ನಿಂತೇ ಹೋಯಿತೇನೋ ಎನ್ನಿಸುತ್ತದೆ.

ಹೀಗೆ ಸಂಚಿತ ಮೊತ್ತ ಹೇಳುವುದು ನಾವು ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ಮಾತ್ರ. ಈಗ ಹೇಗಿದೆ ಎಂದು ತಿಳಿಯಲು ಪಕ್ಕದಲ್ಲೇ ತಿಂಗಳವಾರು ಕಂಬಗಳ ನಕ್ಷೆಯನ್ನೂ ಇಟ್ಟುಕೊಂಡು ಓದಬೇಕು.