ಪೀಠೋಪಕರಣಕ್ಕೆ ಎಣ್ಣೆ, ಕಾಡಿಗೆ ಆಯುಸ್ಸು

ಕಾಡನ್ನು ಉಳಿಸಬೇಕೆಂಬ ಮಾತು ಬಹುಮಟ್ಟಿಗೆ ಕೊಡಲಿಯ ಎದುರಿಗೇ ನಿಂತುಬಿಡುತ್ತದೆ. ಕಡಿದ ಮರ ಮನೆಯೊಳಗೆ ಎಷ್ಟು ವರ್ಷ ಬಾಳಿತು ಎಂದು ಕೇಳುವವರು ವಿರಳ. ಅರವತ್ತು ವರ್ಷ ಬೆಳೆದ ಹಲಸಿನಿಂದ ಮಾಡಿದ ಮೇಜು ಹತ್ತೇ ವರ್ಷದಲ್ಲಿ ಒಲೆ ಸೇರಿದರೆ, ಅದರ ಸ್ಥಾನ ತುಂಬಲು ಇನ್ನೊಂದು ಮರ ಉರುಳಲೇಬೇಕು. ಆದುದರಿಂದ ಮರದ ಸಾಮಾನಿಗೆ ಎಣ್ಣೆ ಹಚ್ಚುವ ಸಣ್ಣ ಕೆಲಸವೂ ಅರಣ್ಯ ಸಂರಕ್ಷಣೆಯ ಭಾಗವೇ ಆಗಿದೆ.

ಗುಡ್ಡಗಾಡಿನ ಜನ ಈ ದೃಷ್ಟಿಯಿಂದ ಕೋಲಾರ ಜಿಲ್ಲೆಯತ್ತ ನೋಡಬೇಕು. 1880ರ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಆರಂಭಿಸಿದ ಕೆ.ಜಿ.ಎಫ್.ನ ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಬಂಗಾರಪೇಟೆಯ ಮಾರ್ಗವಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುವ ಜನ. ಅದೇ ಜಿಲ್ಲೆಯ ಹೊಲಗಳನ್ನು ನೀಲಗಿರಿ ಆವರಿಸಿತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಬೇಗ ತೆಗೆದು ಬೇಗ ಮುಗಿಸುವ ಬುದ್ಧಿಯೇ ಈ ಎರಡು ಕಥೆಗಳಿಗೂ ಮೂಲ.

ಅದೇ ಬುದ್ಧಿ ಇಂದು ಪೀಠೋಪಕರಣದ ಅಂಗಡಿಗೂ ಬಂದಿದೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಒಮ್ಮೆ ನೀರುಂಡರೆ ಉಬ್ಬುತ್ತದೆ. ಅದನ್ನು ದುರಸ್ತಿ ಮಾಡುವಂತಿಲ್ಲ. ಗಟ್ಟಿ ಮರದ ಮೇಲಿನ ಮೆಲಮೈನ್ ಪಾಲಿಶ್ ಹೊಳೆಯುತ್ತದೆ ನಿಜ. ಆದರೆ ಅದು ಫಾರ್ಮಾಲ್ಡಿಹೈಡ್ ಹೊರಸೂಸುತ್ತದೆ. ಈ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಆ ಪಾಲಿಶ್ ಬಿರುಕು ಬಿಟ್ಟರೆ ಪೂರ್ತಿ ಕೆರೆದು ತೆಗೆಯಬೇಕು. ಎಣ್ಣೆ ಹಚ್ಚಿದ ಮರಕ್ಕೆ ಕಲೆಯಾದರೆ ಅಷ್ಟು ಭಾಗವನ್ನಷ್ಟೇ ಉಜ್ಜಿ ಮತ್ತೆ ಎಣ್ಣೆ ಕೊಡಬಹುದು. ಮನೆಯವರೇ ಮಾಡಬಲ್ಲ ಕೆಲಸವದು.

ಆದರೆ ಎಲ್ಲ ಎಣ್ಣೆಯೂ ಮರಕ್ಕೆ ಸಲ್ಲದು. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಎಣ್ಣೆ ಬೇಕು. ಈ ಗುಣವನ್ನು ಅಯೋಡಿನ್ ಮೌಲ್ಯದಿಂದ ಅಂದಾಜಿಸುತ್ತಾರೆ. ಅಗಸೆ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ 170ಕ್ಕೂ ಹೆಚ್ಚು. ಕೋಲಾರದ ಹಳ್ಳಿಗಳಲ್ಲಿ ಸುಲಭವಾಗಿ ಸಿಗುವ ಹೊಂಗೆ ಎಣ್ಣೆಯಲ್ಲಿ 100ಕ್ಕಿಂತ ಕಡಿಮೆ. ಆದುದರಿಂದ ಹೊಂಗೆ ಹಚ್ಚಿದ ಕುರ್ಚಿ ತಿಂಗಳಾದರೂ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹರಳೆಣ್ಣೆ, ಕೊಬ್ಬರಿ ಎಣ್ಣೆಗಳೂ ಅಷ್ಟೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳಿನ ಎಣ್ಣೆ ಇವೆರಡರ ನಡುವಿನದು. ತೆಳುವಾಗಿ ಹಚ್ಚಿ ತಾಳ್ಮೆಯಿಂದ ಕಾದರೆ ಒಣಗುತ್ತದೆ. ಅಕ್ಕಡಿ ಸಾಲುಗಳು ಹೊಲದಿಂದ ಮರೆಯಾಗದಿರಲು ಇದೂ ಒಂದು ಕಾರಣವಾಗಲಿ.

ವಿಧಾನ ಸರಳ. ಚೆನ್ನಾಗಿ ಒಣಗಿದ ಮರವನ್ನು ಎಳೆಯ ದಿಕ್ಕಿಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ ಧೂಳು ಒರೆಸಬೇಕು. ಬಟ್ಟೆಯಿಂದ ತೆಳುವಾಗಿ ಎಣ್ಣೆ ಹಚ್ಚಿ, ಇಪ್ಪತ್ತು ನಿಮಿಷದ ನಂತರ ಮರ ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ದಪ್ಪ ಹಚ್ಚಿದರೆ ಎಣ್ಣೆ ಒಣಗದು. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಒಟ್ಟು ಮೂರು ಪದರ ಸಾಕು. ಒಂದು ಎಚ್ಚರಿಕೆ ಮಾತ್ರ ಅತ್ಯಗತ್ಯ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದುಡಿ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿಡಬೇಕು, ಇಲ್ಲವೇ ಬಯಲಿನಲ್ಲಿ ಬಿಡಿಸಿ ಒಣಗಿಸಬೇಕು. ಎಣ್ಣೆ ಗೆದ್ದಲನ್ನು ತಡೆಯುವುದಿಲ್ಲವೆಂಬುದೂ ನೆನಪಿರಲಿ. ಸಾಮಾನಿನ ಕಾಲುಗಳು ಹಸಿ ನೆಲಕ್ಕೆ ತಾಗಬಾರದು.

ಇಷ್ಟು ಶ್ರಮಕ್ಕೆ ಇಂದು ಯಾರಿಗೆ ಬಿಡುವಿದೆ ಎಂಬ ಆಕ್ಷೇಪ ಸಹಜವೇ. ಆದರೆ ಆ ಶ್ರಮವೇ ಊರಿನ ಬಡಗಿಯ ಅನ್ನ. ಹೊಸ ಮಂಚ ಮಾರುವುದರಿಂದ ಬರುವ ಹಣ ದೂರದ ಕಾರ್ಖಾನೆಗೆ ಹೋಗುತ್ತದೆ. ಹಳೆಯ ಮಂಚದ ದುರಸ್ತಿಯ ಕೂಲಿ ಬಂಗಾರಪೇಟೆಯಲ್ಲೋ ಆಂಡರ್ಸನ್‌ಪೇಟೆಯಲ್ಲೋ ಗುಡ್ಡದ ಹಳ್ಳಿಯಲ್ಲೋ ಉಳಿಯುತ್ತದೆ. ಗಣಿ ಮುಚ್ಚಿದ ಊರಿಗೆ ಬೇಕಾದದ್ದು ಇಂತಹ ಕೆಲಸವೇ.

ವಿದ್ಯಾರ್ಥಿಗಳು ತಮ್ಮ ಶಾಲೆಯ ಹಳೆಯ ಬೆಂಚುಗಳಿಂದಲೇ ಇದನ್ನು ಆರಂಭಿಸಬಹುದು. ಹಳ್ಳಿಗರು ಮದುವೆಗೆ ಹೊಸ ಸಾಮಾನು ಕೊಳ್ಳುವ ಮುನ್ನ ಅಟ್ಟದ ಮೇಲಿನ ಮರವನ್ನೊಮ್ಮೆ ಕೆಳಗಿಳಿಸಿ ನೋಡಲಿ. ನೆಲದೊಳಗಿನ ಚಿನ್ನ ತೆಗೆದಷ್ಟೂ ಕರಗುತ್ತದೆ. ಮನೆಯೊಳಗಿನ ಮರ ಜತನ ಮಾಡಿದಷ್ಟೂ ಬಾಳುತ್ತದೆ.