ಗೋವಿಂದರಾಜನಗರದಲ್ಲಿ ಗೋಲ್ಡನ್ ಅವರ್ ಅರ್ಧ ಗಂಟೆ

ಮಕ್ಕಳ ಫೋಟೋ ಚೆನ್ನಾಗಿ ಬರೋದು ಹೇಗೆ ಅಂತ ಯಾವ ವಿಡಿಯೋ ನೋಡಿದರೂ ಎರಡು ಸಲಹೆ ಗ್ಯಾರಂಟಿ. ಒಂದು, ಗೋಲ್ಡನ್ ಅವರ್‌ಗೆ ಕಾಯಿರಿ, ಅಂದರೆ ಸೂರ್ಯ ಹುಟ್ಟಿದ ಮೇಲಿನ ಅಥವಾ ಮುಳುಗುವ ಮುಂಚಿನ ಒಂದು ಗಂಟೆಗೆ. ಎರಡು, ಮಗುವನ್ನು ಬಯಲಿಗೆ ಕರೆದುಕೊಂಡು ಹೋಗಿ. ಈ ಸಲಹೆ ಕೊಡುವವರು ಗೋವಿಂದರಾಜನಗರದ ಕ್ರಾಸ್‌ಗಳನ್ನು ನೋಡಿಲ್ಲ ಅನ್ನೋದು ನಮ್ಮ ವಾದ.

ಲೆಕ್ಕ ಹಾಕೋಣ, ಹೇಗೂ ಎಂಜಿನಿಯರಿಂಗ್ ಓದ್ತಾ ಇದ್ದೀವಿ. ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸಂಜೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳೀತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಬಂಗಾರದ ಬಣ್ಣ ಚೆನ್ನಾಗಿ ಕಾಣೋದು ಅವನು ದಿಗಂತದಿಂದ ಆರು ಡಿಗ್ರಿಯೊಳಗೆ ಇದ್ದಾಗ. ಭಾಗಿಸಿದರೆ ಸಿಗೋದು ಅರ್ಧ ಗಂಟೆಗೂ ಕಡಿಮೆ. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯ ಓರೆಯಾಗಿ ಇಳಿಯೋದರಿಂದ ಅಲ್ಲಿಯವರಿಗೆ ಇದರ ಸುಮಾರು ಎರಡರಷ್ಟು ಸಮಯ ಸಿಗುತ್ತೆ. ಇನ್ನೊಂದು ಲೆಕ್ಕ: ಸೂರ್ಯ ಆರು ಡಿಗ್ರಿಯಲ್ಲಿದ್ದಾಗ ಹತ್ತು ಮೀಟರ್ ಎತ್ತರದ ಮನೆಯ ನೆರಳು ಸುಮಾರು 95 ಮೀಟರ್ ಉದ್ದ. ನಮ್ಮಲ್ಲಿ 20-30 ಸೈಟಿನಲ್ಲೂ ಮೂರು ಮಹಡಿ ಎದ್ದಿರುತ್ತೆ. ಹಾಗಾಗಿ ಆ ಬಂಗಾರದ ಬೆಳಕು ಬೀಳೋದು ಟೆರೇಸಿನ ಸಿಂಟೆಕ್ಸ್ ಮೇಲೆ, ಕೆಳಗೆ ಆಡ್ತಿರೋ ಮಗುವಿನ ಮುಖದ ಮೇಲೆ ಅಲ್ಲ. ರಸ್ತೆ ಪೂರ್ವ-ಪಶ್ಚಿಮವಾಗಿ ಓಡುತ್ತಿದ್ದರೆ ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ವಾರಗಳಲ್ಲಿ ಸೂರ್ಯ ನೇರ ಬೀದಿಯ ತುದಿಯಲ್ಲೇ ಮುಳುಗ್ತಾನೆ. ಆಗ ಮಾತ್ರ ಕೆಲಸ ಬಿಟ್ಟು ಓಡಿ.

ಉಳಿದ ದಿನಗಳಿಗೆ ನೆರಳೇ ಸಾಕು. ಸಾಕು ಅಂತಲ್ಲ, ಅದೇ ಒಳ್ಳೇದು. ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಉತ್ತರ-ದಕ್ಷಿಣ ಓಡುವ ರಸ್ತೆಯ ಒಂದು ಪಕ್ಕ ಪೂರ್ತಿ ನೆರಳು, ಎದುರು ಸಾಲಿನ ಗೋಡೆಗಳ ಮೇಲೆ ಬಿಸಿಲು. ಆ ಗೋಡೆಗಳು ಬೆಳಕನ್ನು ಮೆತ್ತಗೆ ಮಾಡಿ ವಾಪಸ್ ಕಳಿಸ್ತವೆ. ಮಗು ನೆರಳಿನಲ್ಲಿ ಇರಲಿ, ಮುಖ ಬೆಳಕಿನ ಕಡೆ ಇರಲಿ. ಕಣ್ಣಿನೊಳಗೆ ಬಿಳಿ ಚುಕ್ಕಿ ಕಂಡರೆ ಸರಿಯಾದ ಜಾಗದಲ್ಲಿದ್ದೀರಿ ಅಂತ ಅರ್ಥ. ಗೋಡೆಯ ಬಣ್ಣ ನೋಡಿಕೊಳ್ಳಿ. ಕೆನೆ ಬಣ್ಣ, ಬಿಳಿ ಆದರೆ ಸೂಪರ್. ನಮ್ಮ ಏರಿಯಾದಲ್ಲಿ ಕೆಲವರಿಗೆ ಗಿಳಿಹಸಿರು ತುಂಬಾ ಇಷ್ಟ. ಅದರ ಮುಂದೆ ನಿಲ್ಲಿಸಿದರೆ ಮಗುವಿಗೆ ಕಾಮಾಲೆ ಬಂದ ಹಾಗೆ ಕಾಣುತ್ತೆ.

ನಡುಮಧ್ಯಾಹ್ನ ಬೀದಿ ಮಧ್ಯೆ ಬೇಡ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಸೂರ್ಯ ನೆತ್ತಿಯ ಮೇಲೇ. ಅದರ ಹಿಂದುಮುಂದಿನ ತಿಂಗಳುಗಳಲ್ಲೂ ಅವನು ನೆತ್ತಿ ಬಿಟ್ಟು ದೂರ ಹೋಗಲ್ಲ. ಹುಬ್ಬಿನ ಕೆಳಗೆ ಕಪ್ಪು ಗುಳಿ ಬೀಳುತ್ತೆ. ಪೋರ್ಟಿಕೋ ಅಂಚಿಗೆ ಒಂದು ಹೆಜ್ಜೆ ಒಳಗೆ ಕೂರಿಸಿ, ಗೇಟಿನ ಮುಂದಿನ ಬಿಸಿಲು ಬಿದ್ದ ಕಾಂಕ್ರೀಟು ಕೆಳಗಿನಿಂದ ಬೆಳಕು ಕೊಡುತ್ತೆ. ಇನ್ನೂ ಬೇಕಾದರೆ ಮೊದಲ ವರ್ಷದ ಡ್ರಾಯಿಂಗ್ ಶೀಟು ಉಳಿದಿರುತ್ತಲ್ಲ, ಅದನ್ನ ಹಿಡಿಯಿರಿ. ಕೊನೆಗೂ ಉಪಯೋಗಕ್ಕೆ ಬಂತು. ಹೊಂಗೆ ಮರದ ಕೆಳಗೆ ಮಾತ್ರ ಹುಷಾರು. ಎಲೆಗಳ ಸಂದಿಯಿಂದ ಬೀಳುವ ದುಂಡು ಬಿಸಿಲೆಲ್ಲ ಸೂರ್ಯನದೇ ಬಿಂಬಗಳು, ಫಿಸಿಕ್ಸ್ ಆಗಿ ಚೆಂದ, ಮುಖದ ಮೇಲೆ ಚೆಂದ ಅಲ್ಲ. ಮಳೆಗಾಲದ ಮೋಡ ಇದ್ದರೆ ಇಷ್ಟೆಲ್ಲ ಯೋಚನೆಯೇ ಬೇಕಿಲ್ಲ.

ಕ್ಯಾಮೆರಾ ಇದ್ದವರು ಶಟರ್ ಸ್ಪೀಡ್ 1/500ಕ್ಕೆ ಇಟ್ಟು ಐಎಸ್ಒ ಏರಿಸಿ. ಗಲ್ಲಿ ಕ್ರಿಕೆಟ್ ಆಡೋ ಮಗು ನಿಮಗಾಗಿ ನಿಲ್ಲಲ್ಲ. ಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಸಾಮಾನ್ಯವಾಗಿ ಫೋಕಸ್ ಲಾಕ್ ಆಗುತ್ತೆ. ಆಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಪೋರ್ಟ್ರೇಟ್ ಮೋಡ್ ಮಕ್ಕಳ ಕೆದರಿದ ಕೂದಲನ್ನು ಕತ್ತರಿಸಿಬಿಡುತ್ತೆ, ಅದನ್ನ ಬಿಟ್ಟುಬಿಡಿ. ಮತ್ತೆ ದಯವಿಟ್ಟು ಕೂತ್ಕೊಳ್ಳಿ. ನಿಂತು ತೆಗೆದರೆ ಬರೋದು ನೆತ್ತಿ ಮತ್ತು ಚಪ್ಪಲಿ.

ಇಷ್ಟೂ ಹೇಳಿದ್ದು ನಮ್ಮದೇ ಬೀದಿಯ ಬೆಳಕಿನ ಬಗ್ಗೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಂಪಸ್ ಫೋಟೋ ಸ್ಪರ್ಧೆಗಳಲ್ಲಿ ಪ್ರತಿ ವರ್ಷ ಒಂದು 'ಕ್ಯಾಂಡಿಡ್' ಬಂದೇ ಬರುತ್ತೆ: ಕಟ್ಟಡದ ಮರಳುಗುಡ್ಡೆ ಮೇಲೆ ಕೂತ, ಮೂಗು ಸುರಿಯುವ ಮಗು, ಜೂಮ್ ಹಾಕಿ ರಸ್ತೆಯಾಚೆಯಿಂದ ತೆಗೆದದ್ದು, ಕೆಳಗೆ 'ಇನ್ನೋಸೆನ್ಸ್' ಅಂತ ಕ್ಯಾಪ್ಷನ್. ಆ ಮಗುವಿನ ಅಮ್ಮ ಹತ್ತು ಅಡಿ ದೂರದಲ್ಲಿ ಇಟ್ಟಿಗೆ ಹೊರ್ತಾ ಇರ್ತಾರೆ, ಅವರನ್ನ ಯಾರೂ ಕೇಳಿರಲ್ಲ. ನಮ್ಮ ಕಸಿನ್ ಮಗುವಿನ ಫೋಟೋ ಹಾಕೋಕೆ ಅಕ್ಕನಿಗೆ ಮೂರು ಸಲ ಮೆಸೇಜ್ ಮಾಡುವ ನಾವು, ಇಲ್ಲಿ ಯಾಕೆ ಕೇಳಲ್ಲ? 18 ತುಂಬದವರ ವೈಯಕ್ತಿಕ ಮಾಹಿತಿ ಬಳಸೋಕೆ ಕಂಪನಿಗಳು ಪೋಷಕರ ಒಪ್ಪಿಗೆ ಪಡೀಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತೆ. ನಮಗೆ ಬೇಕಿರೋದು ಒಂದೇ ವಾಕ್ಯ: "ಅಕ್ಕ, ಪಾಪುದು ಒಂದು ಫೋಟೋ ತೆಗೀಲಾ?"

ಕೇಳಿದರೆ ಕ್ಯಾಂಡಿಡ್ ಹಾಳಾಗುತ್ತೆ ಅನ್ನುವವರಿಗೆ: ಮಕ್ಕಳು ಎರಡು ನಿಮಿಷ ವಿಕ್ಟರಿ ಗುರುತು ತೋರಿಸಿ ಪೋಸ್ ಕೊಡ್ತಾರೆ, ಮೂರನೇ ನಿಮಿಷಕ್ಕೆ ನಿಮ್ಮನ್ನ ಮರೆತು ಬಾಲ್ ಹಿಂದೆ ಓಡ್ತಾರೆ. ಆವಾಗ ತೆಗೆಯಿರಿ. ಅಮ್ಮ ಬೇಡ ಅಂದರೆ ಫೋನ್ ಜೇಬಿಗೆ. ಬೇಕು ಅಂದರೆ ಆಮೇಲೆ ಒಂದು ಪ್ರಿಂಟ್ ಹಾಕಿಸಿ ಕೊಡಿ, ಇನ್‌ಸ್ಟಾಗ್ರಾಮ್‌ಗೆ ಹಾಕೋದಾದರೆ ಅದನ್ನೂ ಕೇಳಿ, ಸ್ಕೂಲ್ ಬ್ಯಾಡ್ಜ್ ಮತ್ತು ಮನೆ ನಂಬರ್ ಕ್ರಾಪ್ ಮಾಡಿ ಹಾಕಿ.