ಎಲ್ಲದಕ್ಕೂ "ಸರ್ವರ್ ಡೌನ್" ಅಂದ್ರೆ ಹೇಗೆ?

ಹೋದ ವಾರ ಅರ್ಜಿ ಹಾಕೋಕೆ ಕೊನೇ ದಿನ ಇತ್ತಲ್ಲ, ಸೆಂಟರ್ ಮುಂದೆ ಬೆಳಿಗ್ಗೆ ಎಂಟಕ್ಕೇ ಜನ. ಹನ್ನೊಂದರ ಹೊತ್ತಿಗೆ ಮಾಮೂಲಿ ಮಾತು ಬಂತು, "ಸರ್ವರ್ ಡೌನ್ ಅಣ್ಣಾ, ನಾಳೆ ಬನ್ನಿ". ನಾಳೆ ಬಂದು ಏನು ಮಾಡೋದು, ದಿನಾಂಕವೇ ಮುಗಿದಿರುತ್ತೆ.

ಪಕ್ಕದ ಊರಿನ ಹಿರಿಯರೊಬ್ಬರು ಹೊಲದಲ್ಲಿ ಆಳು ಬಿಟ್ಟು ಬಂದಿದ್ರು. ಅವರ ಅರ್ಜಿ ತುಂಬಿ, ಶುಲ್ಕ ಕಟ್ಟೋ ಬಟನ್ ಒತ್ತಿದ ಮೇಲೆ ಪುಟ ಬಿಳಿಯಾಗಿ 504 ಅಂತ ಬಂತು. ಹುಡುಗ ಇನ್ನೊಂದು ಸಲ ಒತ್ತಿದ. ಹಿರಿಯರ ಮೊಬೈಲಿಗೆ ಎರಡು ಮೆಸೇಜು, ಎರಡು ಸಲ ದುಡ್ಡು ಕಟ್. ಅವರಿಗಿಂತ ಮುಂಚೆ ಇದ್ದವರಿಗೂ "ಸರ್ವರ್ ಡೌನ್" ಅಂತಾನೇ ಹೇಳಿ ಕಳಿಸಿದ್ದ. ಆದ್ರೆ ಅವರ ಸರದಿಯಲ್ಲಿ ಪರದೆ ಮೇಲೆ ಇದ್ದದ್ದು 404. ಎರಡಕ್ಕೂ ಅಜಗಜಾಂತರ.

ನಮ್ಮ ಬ್ರೌಸರ್ ಒಂದು ಪುಟ ಕೇಳಿದಾಗಲೆಲ್ಲ ಸರ್ವರ್ ಉತ್ತರದ ಜೊತೆ ಮೂರಂಕಿಯ ಒಂದು ಸಂಖ್ಯೆ ಕಳಿಸುತ್ತೆ. ಎಲ್ಲಾ ಸರಿ ಇದ್ರೆ 200, ಅದು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ತಪ್ಪಾದಾಗ ಮೊದಲ ಅಂಕಿ ನೋಡಿ. 4 ಇದ್ರೆ, ಕೇಳಿದ್ದರಲ್ಲೇ ಏನೋ ತಕರಾರಿದೆ ಅಂತ ಸರ್ವರ್ ಹೇಳ್ತಿದೆ. 5 ಇದ್ರೆ, ತಪ್ಪು ನನ್ನ ಕಡೆಯದು ಅಂತ ಅದೇ ಒಪ್ಕೊಂಡ ಹಾಗೆ. ಇದು ನಿನ್ನೆ ಮೊನ್ನೆ ಮಾಡಿದ್ದಲ್ಲ, 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲೇ ಇದೆ.

404 ಅಂದ್ರೆ ಸರ್ವರ್ ಎದ್ದು ಕೂತಿದೆ, ಮಾತೂ ಆಡ್ತಿದೆ. ನೀವು ಕೇಳಿದ ಪುಟ ಆ ವಿಳಾಸದಲ್ಲಿ ಇಲ್ಲ, ಅಷ್ಟೆ. ಇಲ್ಲದ ಸರ್ವೆ ನಂಬರ್ ಹೇಳಿ ಪಹಣಿ ಕೇಳಿದ ಹಾಗೆ. ನಮ್ಮ ಹುಡುಗ ಹೋದ ವರ್ಷ ಉಳಿಸಿಟ್ಟ ಲಿಂಕನ್ನೇ ಒತ್ತುತ್ತಿದ್ದ. ಮುಖಪುಟದಿಂದ ಹೋಗಪ್ಪಾ ಅಂದೆ, ಎರಡು ನಿಮಿಷಕ್ಕೆ ಅರ್ಜಿ ತೆರೀತು. ಅಷ್ಟರಲ್ಲಿ ಆ ಮನುಷ್ಯ ಬಸ್ ಹತ್ತಿ ಆಗಿತ್ತು. ಹಾಗೆಯೇ 403 ಬಂದ್ರೆ ಒಳಗೆ ಬಿಡಲ್ಲ ಅಂತ ಅರ್ಥ. 429 ಬಂದ್ರೆ ಒಂದೇ ಸಮ ಒತ್ತಬೇಡಿ, ಸ್ವಲ್ಪ ತಡೀರಿ ಅಂತ. ಪುಟ ಬರ್ಲಿಲ್ಲ ಅಂತ ಹತ್ತು ಸಲ ರಿಫ್ರೆಶ್ ಮಾಡೋರು ಇದನ್ನ ತಾವೇ ತಂದ್ಕೊಳ್ತಾರೆ.

5ರ ಸಾಲಿನಲ್ಲಿ 500 ಅಂದ್ರೆ ಅವರ ಪ್ರೋಗ್ರಾಮೇ ಒಳಗೆ ಎಡವಿದೆ. 503 ಅಂದ್ರೆ ಸದ್ಯಕ್ಕೆ ಆಗಲ್ಲ, ರಶ್ಶು ಇರಬಹುದು, ರಿಪೇರಿ ಇರಬಹುದು. 502, 504 ಸ್ವಲ್ಪ ಬೇರೆ ಥರ. ಸೊಸೈಟಿ ಕಿಟಕಿಯಲ್ಲಿ ಕೂತವನು ಚೀಟಿಯನ್ನ ಒಳಗಿನ ಗೋಡೌನಿಗೆ ಕಳಿಸ್ತಾನಲ್ಲ, ದೊಡ್ಡ ವೆಬ್‌ಸೈಟುಗಳಲ್ಲೂ ಹಾಗೇ ಮುಂದೊಂದು ಸರ್ವರ್, ಹಿಂದೊಂದು. ಹಿಂದಿನಿಂದ ಅರ್ಥವಾಗದ ಉತ್ತರ ಬಂದ್ರೆ 502. ಕಾದರೂ ಉತ್ತರವೇ ಬರದಿದ್ರೆ 504. ಗೋಡೌನಿನವನು ಮೂಟೆ ಎತ್ತಿ ಲೆಕ್ಕ ಬರೆದಿದ್ದಾನೋ ಇಲ್ವೋ ಕಿಟಕಿಯವನಿಗೆ ಗೊತ್ತಿಲ್ಲ! ಅಂದ್ರೆ 504 ಬಂತು ಅಂತ ಕೆಲಸ ಆಗಿಲ್ಲ ಅಂದ್ಕೋಬಾರದು. ದುಡ್ಡಿನ ಪುಟದಲ್ಲಿ ಬಂದ್ರೆ ಕೈ ಕಟ್ಟಿ ಕೂತ್ಕೊಳ್ಳಿ. ಬ್ಯಾಂಕ್ ಮೆಸೇಜು ನೋಡಿ, ಅರ್ಜಿಯ ಸ್ಥಿತಿ ನೋಡಿ, ಆಮೇಲೆ ಬೇಕಾದ್ರೆ ಒತ್ತಿ.

ಯಾವ ನಂಬರೂ ಇಲ್ಲದೆ ಸೈಟ್ ಸಿಗ್ತಿಲ್ಲ ಅಂತ ಮಾತ್ರ ಬಂದ್ರೆ, ಡೈನೋಸಾರ್ ಚಿತ್ರ ಬಂದ್ರೆ, ಸರ್ವರಿನಿಂದ ಉತ್ತರ ನಿಮ್ಮವರೆಗೂ ಬಂದೇ ಇಲ್ಲ. ಡೈನೋಸಾರ್ ಬಂದಾಗ ಮೊದಲು ನಿಮ್ಮ ನೆಟ್‌ವರ್ಕ್ ನೋಡ್ಕೊಳ್ಳಿ. ನಮ್ಮ ಕಡೆ ಕರೆಂಟ್ ಹೋದ್ರೆ ಟವರೂ ಹೋಗುತ್ತೆ, ಅದಕ್ಕೆಲ್ಲ ಬೆಂಗಳೂರಿನವರನ್ನ ಬೈಯೋದು ನ್ಯಾಯ ಅಲ್ಲ. ಆಧಾರ್ ಹೆಸರು ಪಹಣಿ ಹೆಸರಿಗೆ ಹೊಂದಲ್ಲ ಅಂತ ಬರೋದೂ ಸರ್ವರ್ ಡೌನ್ ಅಲ್ಲ, ಎಷ್ಟು ದಿನ ಕಾದ್ರೂ ಅದು ತಾನಾಗಿ ಸರಿ ಹೋಗಲ್ಲ.

ರೈತರಿಗೆ ಈ ನಂಬರೆಲ್ಲ ಯಾಕೆ ಅಂತ ಒಬ್ಬರು ನಕ್ಕರು. ಗೊಬ್ಬರದ ಚೀಲದ ಮೇಲೆ 10:26:26 ಓದೋಕೆ ಬರುತ್ತೆ ನಮಗೆ, ಇದು ಅದಕ್ಕಿಂತ ಕಷ್ಟವೇ? ಸೆಂಟರಿನಲ್ಲಿ ವಾಪಸ್ ಕಳಿಸಿದ್ರೆ ಪರದೆಯ ಫೋಟೋ ತೆಗೀರಿ, ನಂಬರ್ ಮತ್ತು ಗಂಟೆ ಎರಡೂ ಕಾಣೋ ಹಾಗೆ. ನನ್ನ ಅಭಿಪ್ರಾಯ ಇಷ್ಟೇ, ಕೊನೇ ದಿನ 5ರ ನಂಬರ್ ಬಂದಿದ್ರೆ ಆ ರೈತನ ಅರ್ಜಿ ತಡವಾಯ್ತು ಅಂತ ತಿರಸ್ಕರಿಸಬಾರದು. ಅವನು ಬಂದಿದ್ದ, ಬಾಗಿಲು ತೆಗೀಲಿಲ್ಲ. ಇದನ್ನ ಬರವಣಿಗೆಯಲ್ಲಿ ಕೊಟ್ಟು ಹಿಂಬರಹ ಪಡೆಯೋಣ ಅಂತ ನಾವು ನಾಲ್ಕು ಜನ ಮಾತಾಡ್ಕೊಂಡಿದ್ದೀವಿ.

ಆ ಹಿರಿಯರ ಎರಡನೇ ಸಲದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಸೋಮವಾರ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅವರ ಜೊತೆ ನಾನೂ ಹೋಗ್ತೀನಿ.